ಸ್ಟ್ರಾಲರ್ ಬೇಡವೆನ್ನುವ ಮಗಳು ಮತ್ತು ಬಸವನಗುಡಿಯ ಸಂಜೆಗಳು

ನಡೆಯಲು ಬಾರದ ಮಗು ಸ್ಟ್ರಾಲರ್, ಅಂದರೆ ಕೂರಿಸಿ ತಳ್ಳುವ ಗಾಡಿ, ಕಂಡೊಡನೆ ಕೈಕಾಲು ಆಡಿಸಿ ನಗುತ್ತದೆ. ನಡೆಯಲು ಕಲಿತ ಕೆಲವೇ ವಾರಗಳಲ್ಲಿ ಅದೇ ಮಗು ಅದೇ ಗಾಡಿಯನ್ನು ಕಂಡು ರಚ್ಚೆ ಹಿಡಿಯುತ್ತದೆ. ಕೂರಿಸಲು ಹೋದರೆ ಬೆನ್ನನ್ನು ಹಿಂದಕ್ಕೆ ಬಾಗಿಸಿ ಮೈಯೆಲ್ಲ ಸೆಟೆಸಿಕೊಳ್ಳುತ್ತದೆ, ಒಂದು ತೋಳನ್ನು ಪಟ್ಟಿಯೊಳಗೆ ಸೇರಿಸುವಷ್ಟರಲ್ಲಿ ಇನ್ನೊಂದನ್ನು ಎಳೆದುಕೊಳ್ಳುತ್ತದೆ, ಬಕಲ್ ಹಾಕಲು ಬಗ್ಗಿದವರ ಗದ್ದಕ್ಕೆ ಸರಿಯಾಗಿ ಒದೆಯುತ್ತದೆ. ಅಷ್ಟರಲ್ಲಿ ದಾರಿಹೋಕರಲ್ಲಿ ಒಬ್ಬರಾದರೂ ನಿಂತು, "ಪಾಪ, ಮಗೂನ ಯಾಕಮ್ಮ ಹಾಗೆ ಕಟ್ಟಿಹಾಕ್ತೀರ?" ಎಂದು ಕೇಳಿಯೇ ಕೇಳುತ್ತಾರೆ. ಒಂದೂವರೆ ವರ್ಷದ ಮಗಳನ್ನು ಸಾಕುತ್ತಿರುವ ನನಗೆ ಈ ಪ್ರಶ್ನೆ ಬಾಯಿಪಾಠವಾಗಿದೆ. ರಸ್ತೆಯ ಮಧ್ಯೆ ನಿಂತು ಕೊಡಲಾಗದ ಉತ್ತರವನ್ನು, ಇದೇ ಪಾಡು ಪಡುತ್ತಿರುವ ಇತರ ತಾಯಿತಂದೆಯರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ನನಗೆ ಬೇಕಾಗಿರುವುದು ಶೋಕಿಗಲ್ಲ. ಒಂದೂವರೆ ವರ್ಷದ ಹೆಣ್ಣುಮಗುವಿನ ತೂಕ ಸಾಮಾನ್ಯವಾಗಿ 10 ಕಿಲೋ ಆಸುಪಾಸು ಇರುತ್ತದೆ. ಹೆರಿಗೆಯ ನಂತರ ಸೊಂಟನೋವು ಹತ್ತಿಕೊಂಡ ನನ್ನಂಥವರು ಅಷ್ಟು ಭಾರವನ್ನು ಒಂದು ಕಂಕುಳಲ್ಲಿಟ್ಟು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಿಂದ ಮನೆಗೆ ನಡೆದು ಬಂದರೆ ಮರುದಿನ ಏಳುವುದೇ ಕಷ್ಟ. ಹಾಗೆಂದು ದಿನವೂ ಅಳಿಸಿ ಬಲವಂತದಿಂದ ಕೂರಿಸುತ್ತಾ ಹೋದರೆ ಮಗುವಿಗೆ ಹೊರಗೆ ಹೋಗುವುದೇ ಬೇಡವಾಗುತ್ತದೆ. ಈ ಎರಡರ ನಡುವೆ ನಾನು ಕಂಡುಕೊಂಡ ದಾರಿಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹೊರಟ ಕೂಡಲೇ ಮಗುವನ್ನು ಕೂರಿಸದೆ ಮೊದಲು ನಡೆಯಲು ಬಿಡಬೇಕು, ದಣಿದ ಮೇಲೆ ಗಾಡಿಯನ್ನು ಮುಂದಿಡಬೇಕು. ಇದು ಹೇಳಲು ಸುಲಭ. ಆದರೆ ಇದಕ್ಕೂ ಮುಂಚೆ ಪರೀಕ್ಷಿಸಬೇಕಾದ ಸಂಗತಿಗಳು ಹಲವಿವೆ, ಇದನ್ನು ಪಾಲಿಸುವಾಗ ಬಿಟ್ಟುಕೊಡಬಾರದ ಸಂಗತಿಗಳೂ ಕೆಲವಿವೆ.

ಮೊದಲಿಗೆ ಮಗುವಿನ ಪರವಾಗಿ ಒಂದು ಮಾತು. ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ, ಕೂರುವಿಕೆ ಮತ್ತು ನಿದ್ರೆಯ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಒಂದರಿಂದ ಎರಡು ವರ್ಷದೊಳಗಿನ ಮಗು ದಿನದಲ್ಲಿ ಒಟ್ಟು ಕನಿಷ್ಠ 180 ನಿಮಿಷ, ನಿಧಾನವಾಗಿಯಾಗಲಿ ಜೋರಾಗಿಯಾಗಲಿ, ಓಡಾಡಿಕೊಂಡಿರಬೇಕು, ಸ್ಟ್ರಾಲರ್ ಆಗಲಿ, ಊಟದ ಎತ್ತರದ ಕುರ್ಚಿಯಾಗಲಿ, ಬೆನ್ನಿಗೆ ಕಟ್ಟಿಕೊಳ್ಳುವ ಜೋಳಿಗೆಯಾಗಲಿ, ಯಾವುದರಲ್ಲೂ ಅದನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿದು ಕೂರಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ದಿನಚರಿಯನ್ನು ನೋಡಿದರೆ ಮೂರು ಗಂಟೆಯ ಓಡಾಟ ದೂರದ ಮಾತು. ಬೆಳಿಗ್ಗೆ ಊಟದ ಕುರ್ಚಿ, ಮಧ್ಯಾಹ್ನ ಕಾರಿನ ಸೀಟು, ಸಂಜೆ ಸ್ಟ್ರಾಲರ್ ಎಂದು ಎಷ್ಟೋ ಮಕ್ಕಳು ದಿನದ ಬಹುಪಾಲನ್ನು ಪಟ್ಟಿಗಳ ನಡುವೆಯೇ ಕಳೆಯುತ್ತವೆ. ಆಗಷ್ಟೇ ನಡೆಯಲು ಕಲಿತಿರುವ ದೇಹಕ್ಕೆ ನಡೆಯುವುದಕ್ಕಿಂತ ದೊಡ್ಡ ಆಸೆ ಬೇರೊಂದಿಲ್ಲ. ಸಂಜೆ ಐದು ಗಂಟೆಗೆ ಅದು ಗಾಡಿಯಲ್ಲಿ ಕೂರಲು ಒಪ್ಪದಿದ್ದರೆ ಅದಕ್ಕೆ ಹಠಮಾರಿ ಎಂದು ಹೆಸರಿಡುವ ಮೊದಲು, ಆ ದಿನ ಅದು ನಿಜವಾಗಿ ಎಷ್ಟು ಹೊತ್ತು ನಡೆದಿದೆ ಎಂದು ಲೆಕ್ಕ ಹಾಕುವುದು ನ್ಯಾಯ.

ಗಾಡಿಯ ಚರಿತ್ರೆಯನ್ನು ಓದಿದಾಗಲೂ ನನಗೆ ಇದೇ ಅನ್ನಿಸಿತು. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ಮಾಡಿಕೊಟ್ಟ ಪುಟ್ಟ ಬಂಡಿಯನ್ನು ಎಳೆಯುತ್ತಿದ್ದುದು ಆಡೋ ಚಿಕ್ಕ ಕುದುರೆಯೋ. ಅದು ಮಕ್ಕಳ ವಿನೋದಕ್ಕಾಗಿಯೇ ಮಾಡಿದ್ದು. ಈಗ ನಾವು ಬಳಸುವ, ಕೊಡೆಯಂತೆ ಮಡಚುವ ಹಗುರವಾದ ಗಾಡಿಯನ್ನು 1965ರಲ್ಲಿ ರೂಪಿಸಿದ ಓವನ್ ಮ್ಯಾಕ್ಲಾರೆನ್ ವಿಮಾನಗಳ ಎಂಜಿನಿಯರ್, ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರಗಳ ಜೋಡಣೆಯಲ್ಲಿ ಕೆಲಸ ಮಾಡಿದವರು. ಮೊಮ್ಮಗುವನ್ನು ಕರೆದುಕೊಂಡು ಬಂದ ಮಗಳು ಭಾರದ ಗಾಡಿಯೊಂದಿಗೆ ಒದ್ದಾಡುವುದನ್ನು ಕಂಡು ಅವರು ಅಲ್ಯೂಮಿನಿಯಂ ಕೊಳವೆಗಳಿಂದ ಇದನ್ನು ಮಾಡಿದರಂತೆ. ಮಗಳ ಕಷ್ಟ ಅದರಿಂದ ನೀಗಿತು, ನಮ್ಮದೂ ನೀಗಿದೆ. ಒಳಗೆ ಕೂರುವವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಒಳಗೆ ಕೂರುವವರು ಮಾತನಾಡಲಾರದ್ದರಿಂದ ಅವರ ಮೈಯನ್ನೇ ನೋಡಿ ತಿಳಿಯಬೇಕಾಗುತ್ತದೆ. ನಮ್ಮ ಪುಟ್ಟಿ ಮಾರ್ಚ್ ತಿಂಗಳಿನಲ್ಲಿ ಇದ್ದಕ್ಕಿದ್ದಂತೆ ಹೆಚ್ಚು ಅಳತೊಡಗಿದಾಗ ನಾನು ಮೊದಲು ಗಮನಿಸಿದ್ದು ಅವಳ ತೊಡೆಗಳನ್ನು. ಚಿಕ್ಕ ಚಡ್ಡಿ ಹಾಕಿದ್ದ ದಿನ, ಗಾಡಿಯ ಪಾಲಿಯೆಸ್ಟರ್ ಸೀಟಿನ ಅಂಚು ಒತ್ತಿದ ಕಡೆ ಎರಡೂ ತೊಡೆಗಳ ಮೇಲೆ ಕೆಂಪು ಗೆರೆ ಮೂಡಿತ್ತು, ಬೆವರಿನಿಂದ ಚರ್ಮ ಸೀಟಿಗೆ ಅಂಟಿಕೊಂಡಿತ್ತು, ಕಾಲುಗಳ ನಡುವಿನ ಪಟ್ಟಿ ಡೈಪರನ್ನು ಮುದ್ದೆಮಾಡಿ ಒಂದು ಬದಿಗೆ ತಳ್ಳಿತ್ತು. ಬಾಲ್ಕನಿಯ ಬಿಸಿಲಿನಲ್ಲಿ ನಿಲ್ಲಿಸಿದ್ದ ಗಾಡಿಯ ಬಕಲ್ಲನ್ನು ನನ್ನ ಅಂಗೈಗೆ ಒತ್ತಿಕೊಂಡು ನೋಡಿದರೆ ಚುರುಕ್ಕೆಂದಿತು. ಇಷ್ಟಿದ್ದ ಮೇಲೆ ಅಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅಂದಿನಿಂದ ಮೊಣಕಾಲು ಮುಚ್ಚುವ ತೆಳ್ಳಗಿನ ಹತ್ತಿಯ ಪೈಜಾಮ ತೊಡಿಸುತ್ತೇನೆ, ಹಳೆಯ ಪಂಚೆಯ ಒಂದು ಪದರವನ್ನು ಸೀಟಿನ ಮೇಲೆ ಸುಕ್ಕಿಲ್ಲದಂತೆ ಹಾಸುತ್ತೇನೆ, ಗಾಡಿಯನ್ನು ನೆರಳಿನಲ್ಲಿ ಇಡುತ್ತೇನೆ. ದಪ್ಪನೆಯ ದಿಂಬನ್ನು ಬೆನ್ನ ಹಿಂದೆ ಇಡುವುದು ಮಾತ್ರ ಒಳ್ಳೆಯದಲ್ಲ, ಏಕೆಂದರೆ ಅದು ಕುಗ್ಗಿದಂತೆಲ್ಲ ಪಟ್ಟಿ ಸಡಿಲವಾಗುತ್ತದೆ. ಬಿಸಿಲು ತಡೆಯಲೆಂದು ಗಾಡಿಯ ಬಾಯಿಗೆ ಬಟ್ಟೆ ಮುಚ್ಚುವ ರೂಢಿಯನ್ನು ಎಷ್ಟೋ ಕಡೆ ನೋಡುತ್ತೇನೆ. ಒಳಗೆ ಗಾಳಿಯಾಡದೆ ಬಹುಬೇಗ ಕಾವು ಏರುವುದರಿಂದ ಅದು ಅಪಾಯಕರ. ಮಗುವಿನ ಕತ್ತಿನ ಹಿಂಭಾಗವನ್ನು ಆಗಾಗ ಮುಟ್ಟಿ ನೋಡುತ್ತಿದ್ದರೆ ಸೆಕೆಯಾಗುತ್ತಿದೆಯೇ ಎಂದು ತಿಳಿಯುತ್ತದೆ.

ಭುಜದ ಪಟ್ಟಿಗಳ ಎತ್ತರವೂ ಇಂಥದ್ದೇ ಒಂದು ಕಣ್ಣಿಗೆ ಬೀಳದ ಕಾರಣ. ಆರು ತಿಂಗಳ ಮಗುವಿಗೆಂದು ಕೆಳಗಿನ ಸಂದಿಯಲ್ಲಿ ತೂರಿಸಿದ ಪಟ್ಟಿಯನ್ನು ಮಗು ಬೆಳೆದ ಮೇಲೂ ಹಾಗೆಯೇ ಬಿಟ್ಟರೆ ಅದು ಭುಜವನ್ನು ಕೆಳಕ್ಕೆ ಜಗ್ಗುತ್ತದೆ. ಪಟ್ಟಿ ಭುಜದ ಮಟ್ಟದಲ್ಲಿರಬೇಕು, ಕೊರಳೆಲುಬಿನ ಬಳಿ ಒಂದು ಬೆರಳು ನುಸುಳುವಷ್ಟು ಮಾತ್ರ ಸಡಿಲವಿರಬೇಕು. ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಿನ್ನೆಯವರೆಗೆ ಸುಮ್ಮನೆ ಕೂರುತ್ತಿದ್ದ ಮಗು ಇಂದು ಬೆನ್ನು ಒರಗಿಸಿದೊಡನೆ ಚೀರಿದರೆ, ಕಿವಿಯನ್ನು ಎಳೆದುಕೊಂಡರೆ, ಜ್ವರವಿದ್ದರೆ ಅಥವಾ ಡೈಪರ್ ಹಾಕುವ ಜಾಗ ಕೆಂಪಗಾಗಿದ್ದರೆ ಅದು ಗಾಡಿಯ ಜಗಳವೇ ಅಲ್ಲ. ಕಿವಿನೋವು ಮಲಗಿದಾಗ ಮತ್ತು ಒರಗಿದಾಗ ಹೆಚ್ಚಾಗುವುದರಿಂದ ವೈದ್ಯರಿಗೆ ತೋರಿಸುವುದು ಸರಿ.

ಮೈ ಸರಿಯಿದ್ದರೆ ಮುಂದೆ ಅವಳ ಕಣ್ಣೆತ್ತರಕ್ಕೆ ಬಗ್ಗಿ ನೋಡಬೇಕು. ಒಮ್ಮೆ ಗಾಡಿಯ ಪಕ್ಕದಲ್ಲಿ ಮೊಣಕಾಲೂರಿ, ಅವಳು ನೋಡುವ ದಿಕ್ಕಿನಲ್ಲೇ ಡಿ.ವಿ.ಜಿ. ರಸ್ತೆಯನ್ನು ನೋಡಿದೆ. ನನಗೆ ದಿನವೂ ಕಾಣುವ ಮರ, ಅಂಗಡಿ, ಆಕಾಶ ಯಾವುದೂ ಅಲ್ಲಿರಲಿಲ್ಲ. ಎದುರಿಗೆ ಬರುವವರ ಮಂಡಿಗಳು, ತೂಗಾಡುವ ಪ್ಲಾಸ್ಟಿಕ್ ಚೀಲಗಳು, ನಿಂತ ಸ್ಕೂಟರಿನ ಸೈಲೆನ್ಸರ್, ಪಶ್ಚಿಮಕ್ಕೆ ತಿರುಗಿದಾಗ ಛಾವಣಿಯ ಅಂಚಿನ ಕೆಳಗಿನಿಂದ ನೇರವಾಗಿ ಕಣ್ಣಿಗೆ ಹೊಡೆಯುವ ಇಳಿಬಿಸಿಲು, ಇಷ್ಟೇ. ಗಾಡಿಯಲ್ಲಿ ಕೂತ ಮಗುವಿನ ಮೂಗು ನೆಲದಿಂದ ಅರ್ಧ ಮೀಟರಿಗಿಂತ ತುಸು ಮೇಲಿರುತ್ತದೆ. ವಾಹನಗಳ ಹೊಗೆ ಹೊರಬರುವುದೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ. ಈ ಕಾರಣದಿಂದ ಗಾಡಿಯ ಮಕ್ಕಳು ದೊಡ್ಡವರಿಗಿಂತ ಶೇಕಡಾ 60ರವರೆಗೂ ಹೆಚ್ಚು ಮಾಲಿನ್ಯಕ್ಕೆ ಒಡ್ಡಿಕೊಳ್ಳಬಹುದು ಎಂದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಹೇಳಿದ್ದರು. ಇದನ್ನು ತಿಳಿದ ಮೇಲೆ ನಾನು ದೂರವಾದರೂ ಸರಿಯೆಂದು ಒಳರಸ್ತೆಗಳನ್ನೇ ಹಿಡಿಯುತ್ತೇನೆ, ಸಿಗ್ನಲ್ ಬಳಿ ಕಾಯುವಾಗ ವಾಹನಗಳ ಸಾಲಿನಿಂದ ಹಿಂದೆ ಸರಿದು ನಿಲ್ಲುತ್ತೇನೆ.

ಸೀಟನ್ನು ನಮ್ಮ ಕಡೆಗೆ ತಿರುಗಿಸಬಹುದಾದ ಗಾಡಿ ಇದ್ದವರು ಅದನ್ನೊಮ್ಮೆ ತಿರುಗಿಸಿ ನೋಡಬೇಕು. 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝೇನ್ ಝೀಡಿಕ್ ಅವರು ಬ್ರಿಟನ್ನಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆತ್ತವರು-ಮಕ್ಕಳ ಜೋಡಿಗಳನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ, ಮಗು ತಮ್ಮ ಕಡೆಗೆ ಮುಖ ಮಾಡಿ ಕೂತಿದ್ದಾಗ ದೊಡ್ಡವರು ಅದರೊಂದಿಗೆ ಸುಮಾರು ಎರಡು ಪಟ್ಟು ಹೆಚ್ಚು ಮಾತನಾಡುತ್ತಿದ್ದುದು ಕಂಡುಬಂದಿತ್ತು. ಎಲ್ಲ ಮಕ್ಕಳಿಗೂ ಇದು ಹಿಡಿಸುತ್ತದೆ ಎನ್ನಲಾರೆ. ಎರಡು ವರ್ಷದ ಹೊತ್ತಿಗೆ ಅಮ್ಮನ ಮುಖಕ್ಕಿಂತ ಬೀದಿನಾಯಿಯ ಬಾಲವೇ ಹೆಚ್ಚು ಆಕರ್ಷಕವಾಗುತ್ತದೆ. ನಮ್ಮ ಗಾಡಿಯ ಸೀಟು ತಿರುಗುವುದಿಲ್ಲವಾದ್ದರಿಂದ ನಾನು ತಳ್ಳುತ್ತಲೇ ಜೋರಾಗಿ ಮಾತನಾಡುತ್ತೇನೆ, ಆಗಾಗ ನಿಲ್ಲಿಸಿ ಮುಂದೆ ಬಂದು ಮುಖ ತೋರಿಸುತ್ತೇನೆ. ನೋಡುವವರಿಗೆ ಒಬ್ಬಳೇ ಮಾತನಾಡಿಕೊಂಡು ಹೋಗುವವಳಂತೆ ಕಾಣುತ್ತೇನೆಂದು ಗೊತ್ತು. ಈಗ ಎಲ್ಲರ ಕಿವಿಯಲ್ಲೂ ಒಂದೊಂದು ಇಯರ್‌ಫೋನ್ ಇರುವುದರಿಂದ ಅದೇನೂ ವಿಶೇಷವೆನಿಸುವುದಿಲ್ಲ.

ಇನ್ನು ಮೊದಲು ನಡಿಗೆ, ಆಮೇಲೆ ಗಾಡಿ ಎಂಬ ಕ್ರಮದ ವಿಷಯ. ಮನೆಯಿಂದ ಕೃಷ್ಣರಾವ್ ಪಾರ್ಕಿನವರೆಗಿನ ರಸ್ತೆಯಲ್ಲಿ ವಾಹನಗಳಿರುವುದರಿಂದ ಅಲ್ಲಿಯವರೆಗೆ ಅವಳನ್ನು ಕೂರಿಸಿಯೇ ತರಬೇಕು. ಈ ದೂರ ಚಿಕ್ಕದು, ಮುಂದೆ ಏನಿದೆ ಎಂಬುದು ಅವಳಿಗೆ ಗೊತ್ತು, ಹಾಗಾಗಿ ಜಗಳ ಕಡಿಮೆ. ಪಾರ್ಕಿನ ಗೇಟು ದಾಟಿದೊಡನೆ ಬಕಲ್ ತೆಗೆಯುತ್ತೇನೆ. ಇಲ್ಲಿ ಒಂದು ಗುಟ್ಟಿದೆ. ಅವಳು ಅತ್ತ ಮೇಲೆ ಇಳಿಸಿದರೆ ಅತ್ತಿದ್ದಕ್ಕೇ ಇಳಿಸಿದರು ಎಂದು ಕಲಿಯುತ್ತಾಳೆ. ಅಳುವ ಮೊದಲೇ, ದಿನವೂ ಅದೇ ಗೇಟಿನ ಬಳಿ ಇಳಿಸಿದರೆ ಗೇಟು ಬಂದಾಗ ಇಳಿಸುತ್ತಾರೆ ಎಂದು ಕಲಿಯುತ್ತಾಳೆ. ಹಾಗಾಗಿ ದಾರಿಯಲ್ಲಿ ಎಲ್ಲೆಲ್ಲಿ ಇಳಿಯಬಹುದು, ಎಲ್ಲೆಲ್ಲಿ ಹತ್ತಬೇಕು ಎಂಬುದನ್ನು ನಾವೇ ಮೊದಲು ನಿಗದಿ ಮಾಡಿಕೊಂಡು, ಅದನ್ನು ಕೆಲವು ವಾರ ಬದಲಿಸದೆ ಪಾಲಿಸಬೇಕು. ಪಾರ್ಕಿನಲ್ಲಿ ಅವಳು ಗಾಡಿಯನ್ನು ತಾನೇ ತಳ್ಳುತ್ತಾಳೆ, ಒಣಗಿದ ಎಲೆಗಳನ್ನು ಆರಿಸಿ ಸೀಟಿನ ಮೇಲೆ ಹೇರುತ್ತಾಳೆ, ಇರುವೆಯ ಸಾಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಅಲ್ಲೇ ಬಾಕಿಯಾಗುತ್ತಾಳೆ. ಆಗ ಅವಸರ ಮಾಡಬಾರದು. ಒಂದೂವರೆ ವರ್ಷದ ಮಗುವಿನ ನಡಿಗೆಯೆಂದರೆ ಮುಂದಕ್ಕೆ ನಾಲ್ಕು ಹೆಜ್ಜೆ, ಹಿಂದಕ್ಕೆ ಆರು ಹೆಜ್ಜೆ. ಬೇಗ ಮುಗಿಸಬೇಕಾದ ಕೆಲಸವಿರುವ ದಿನ ಮಗುವನ್ನು ನಡೆಸಲು ಹೊರಡುವುದೇ ಬೇಡ.

ಕಾಲು ಸೋತಾಗ ಅವಳು "ಎತ್ಕೋ" ಎನ್ನುತ್ತಾಳೆ. ಗಾಡಿಯನ್ನು ಮುಂದಿಡಬೇಕಾದ ಸಮಯ ಅದೇ. ದಣಿದ ಮಗುವಿಗೆ ಕೂರುವುದು ಶಿಕ್ಷೆಯೆನಿಸುವುದಿಲ್ಲ, ಆದರೂ ಹಿಂದಿನಿಂದ ಬಂದು ಗಬಕ್ಕನೆ ಎತ್ತಿ ಕೂರಿಸಿದರೆ ಆಟದಿಂದ ಎಳೆದು ತಂದಂತಾಗಿ ಮತ್ತೆ ಸೆಟೆದುಕೊಳ್ಳುತ್ತಾಳೆ. ಆದ್ದರಿಂದ ಮೊದಲು ಎದುರಿಗೆ ಕೂತು, "ಇರುವೆಗೆ ಟಾಟಾ ಮಾಡು, ಈಗ ಗಾಡಿ" ಎಂದು ಹೇಳುತ್ತೇನೆ. ಟಾಟಾ ಮಾಡುವ ತನಕ ಕಾಯುತ್ತೇನೆ. ಆಮೇಲೆ, "ನೀನೇ ಹತ್ತುತ್ತೀಯಾ, ಅಮ್ಮ ಹತ್ತಿಸಲಾ?" ಎಂದು ಕೇಳುತ್ತೇನೆ. ಹತ್ತುತ್ತೀಯಾ ಇಲ್ಲವಾ ಎಂದು ಎಂದೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಬರುವ ಉತ್ತರ ಎಲ್ಲ ತಾಯಂದಿರಿಗೂ ಗೊತ್ತಿರುವುದೇ. ತಾನೇ ಹತ್ತಲು ಹೊರಟಾಗ ಬ್ರೇಕ್ ಹಾಕಿ, ಹಿಡಿಯನ್ನು ನಾನು ಗಟ್ಟಿಯಾಗಿ ಒತ್ತಿ ಹಿಡಿದಿರುತ್ತೇನೆ. ಹಗುರವಾದ ಗಾಡಿಗಳು ಮುಂಭಾಗದ ಕಾಲುಮೆಟ್ಟಿನ ಮೇಲೆ ಭಾರ ಬಿದ್ದರೆ ಮಗುಚಿಬಿಡುತ್ತವೆ. ಎದೆಯ ಬಳಿಯ ಬಕಲ್ಲಿನ ಕೊನೆಯ 'ಟಕ್' ಅವಳದೇ ಪಾಲು. ಅವಳ ಬೆರಳಿಗೆ ಅಷ್ಟು ಬಲವಿಲ್ಲ, ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತುತ್ತೇನೆ. ಆ ಸದ್ದು ಬಂದಾಗ ಅವಳ ಮುಖ ನೋಡಬೇಕು, ಬೀಗ ಹಾಕಿದ್ದು ತಾನೇ ಎಂಬ ಗತ್ತು.

ಕೂತ ಮೇಲೆ ಕೈಗೊಂದು ಕೆಲಸ ಬೇಕು. ಆಟಿಕೆಗಳನ್ನು ಗಾಡಿಗೆ ನೇತುಹಾಕುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಒಂದು ವಾರದಲ್ಲಿ ಹಳತಾಗುತ್ತವೆ, ದಾರ ಉದ್ದವಿದ್ದರೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಒಂದು ಗಿಲಕಿ ನಮ್ಮಲ್ಲಿದೆ, ಅದನ್ನು ಕೈಯಲ್ಲಿ ಕೊಡುತ್ತೇನೆ, ಎರಡು ನಿಮಿಷಕ್ಕೆ ಅದು ರಸ್ತೆಯಲ್ಲಿರುತ್ತದೆ. ಅದಕ್ಕಿಂತ ಗಾಂಧಿ ಬಜಾರಿನ ವ್ಯಾಪಾರವೇ ಮೇಲು. ಹೂವಿನವರು ಬಾಳೆಎಲೆಯಲ್ಲಿ ಸುತ್ತಿಕೊಟ್ಟ ಮಲ್ಲಿಗೆಯ ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕದೆ ಅವಳ ಮಡಿಲಲ್ಲಿಟ್ಟು, "ಇದು ಅಜ್ಜಿಗೆ, ಬೀಳಿಸಬೇಡ" ಎಂದರೆ ಮನೆ ತಲುಪುವವರೆಗೆ ಎರಡೂ ಕೈಯಲ್ಲಿ ಅವುಚಿಕೊಂಡಿರುತ್ತಾಳೆ. ಕೊತ್ತಂಬರಿ ಸೊಪ್ಪಿನ ಕಟ್ಟಾದರೆ ದಾರಿಯಲ್ಲಿ ಎಲೆ ಎಲೆಯಾಗಿ ಕಿತ್ತು ರುಚಿ ನೋಡುತ್ತಾಳೆ, ಅರ್ಧ ಕಟ್ಟು ಮನೆಗೆ ಬಂದರೆ ಪುಣ್ಯ. ಸೊಪ್ಪಿನ ಬೆಲೆಗೆ ಸಿಗುವ ನೆಮ್ಮದಿಯನ್ನು ಲೆಕ್ಕ ಹಾಕಿದರೆ ಇದು ಲಾಭದ ವ್ಯವಹಾರವೇ. ತಿಂಡಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಾಳೆಹಣ್ಣು, ಮೆತ್ತನೆಯ ಇಡ್ಲಿಯ ತುಂಡು ಸರಿ, ಅದೂ ಗಾಡಿ ನಿಂತಿರುವಾಗ, ಮಗು ನೆಟ್ಟಗೆ ಕೂತಿರುವಾಗ. ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಚಕ್ಕುಲಿಯ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು, ಕುಲುಕುವ ಗಾಡಿಯಲ್ಲಂತೂ ಬೇಡವೇ ಬೇಡ.

ಮೊಬೈಲ್ ಕೊಡುವುದಿಲ್ಲ. ಕೊಟ್ಟರೆ ಸುಮ್ಮನಾಗುತ್ತಾಳೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಬೀದಿಯನ್ನು ನೋಡದೆ ಬೀದಿ ಸುತ್ತಿ ಬರುವುದರಲ್ಲಿ ಅರ್ಥ ಕಾಣುವುದಿಲ್ಲ.

ಇಷ್ಟೆಲ್ಲ ಸಡಿಲಬಿಟ್ಟ ಮೇಲೂ ಎರಡು ವಿಷಯಗಳಲ್ಲಿ ನಾನು ಜಗ್ಗುವುದಿಲ್ಲ. ಒಂದು, ರಸ್ತೆ ದಾಟುವಾಗ ಮತ್ತು ವಾಹನಗಳ ಪಕ್ಕದಲ್ಲಿ ಹೋಗುವಾಗ ಗಾಡಿಯಲ್ಲೇ ಇರಬೇಕು, ಅತ್ತರೂ ಸರಿ. ಇನ್ನೊಂದು, ಗಾಡಿಯಲ್ಲಿದ್ದಾಗ ಐದೂ ಪಟ್ಟಿಗಳು ಬಿಗಿದಿರಬೇಕು. ಸೊಂಟದ ಪಟ್ಟಿಯನ್ನು ಮಾತ್ರ ಹಾಕಿ ಭುಜದ ಪಟ್ಟಿಗಳನ್ನು ಬಿಡುವುದರಿಂದ ಮಗು ತಾತ್ಕಾಲಿಕವಾಗಿ ಸಮಾಧಾನವಾಗಬಹುದು, ಆದರೆ ನಮ್ಮ ಫುಟ್‌ಪಾತುಗಳಲ್ಲಿ ಮುಂದಿನ ಗಾಲಿ ಕಲ್ಲಿನ ಸಂದಿಗೆ ಸಿಕ್ಕಿ ಗಾಡಿ ತಟ್ಟನೆ ನಿಂತರೆ ಮಗು ಮುಂದಕ್ಕೆ ಮುಗ್ಗರಿಸುತ್ತದೆ, ಅಥವಾ ಎದ್ದು ನಿಂತು ಗಾಡಿ ಸಮೇತ ಉರುಳುತ್ತದೆ. ಈ ಎರಡು ಸಂದರ್ಭಗಳಲ್ಲಿ ಅವಳು ಅತ್ತಾಗ ನಾನು ವಾದಿಸುವುದಿಲ್ಲ, ಬೈಯುವುದಿಲ್ಲ, ಲಂಚವನ್ನೂ ಕೊಡುವುದಿಲ್ಲ. "ಗೊತ್ತು ಪುಟ್ಟಿ, ನಿನಗೆ ನಡೀಬೇಕು. ಕಾರು ಬರ್ತಿದೆ. ಆ ಕಡೆ ಹೋದ ಮೇಲೆ ಇಳಿಯೋಣ" ಎಂದು ಒಂದೇ ದನಿಯಲ್ಲಿ ಹೇಳಿ ದಾಟುತ್ತೇನೆ, ಆ ಕಡೆ ಹೋದ ಮೇಲೆ ತಪ್ಪದೆ ಇಳಿಸುತ್ತೇನೆ. ಕೊಟ್ಟ ಮಾತನ್ನು ನಡೆಸಿಕೊಡುತ್ತಾರೆ ಎಂದು ತಿಳಿದ ಮೇಲೆ ಅವಳ ಅಳು ಚಿಕ್ಕದಾಗುತ್ತಾ ಬಂದಿದೆ. ಇಲ್ಲವಾಗಿದೆ ಎಂದರೆ ಸುಳ್ಳಾದೀತು.

ನಮ್ಮ ಅತ್ತೆಯವರಿಗೆ ಈ ಪದ್ಧತಿಯಲ್ಲಿ ಅಷ್ಟೇನೂ ವಿಶ್ವಾಸವಿಲ್ಲ. "ಎತ್ಕೊಂಡ್ ಬಿಡಮ್ಮ, ಇಷ್ಟಕ್ಕೆಲ್ಲ ಯಾಕೆ ರಾಮಾಯಣ? ನಾವು ಮೂರು ಮಕ್ಕಳನ್ನ ಸೊಂಟದ ಮೇಲೇ ಸಾಕಲಿಲ್ವಾ?" ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಅವರ ಕಾಲದಲ್ಲಿ ಮನೆಯಲ್ಲಿ ನಾಲ್ಕಾರು ಸೊಂಟಗಳಿದ್ದವು. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಈಗ ಸಂಜೆ ಹೊರಡುವುದು ನಾನೊಬ್ಬಳೇ. "ಅತ್ತೆ, ನೀವೂ ಬನ್ನಿ, ಇಬ್ಬರೂ ಸರದಿ ಮೇಲೆ ಎತ್ಕೊಳ್ಳೋಣ" ಎಂದಾಗ ಅವರು ಬಂದರು, ಪಾರ್ಕಿನಿಂದ ರಾಮಕೃಷ್ಣ ಆಶ್ರಮದ ತಿರುವಿನವರೆಗೆ ಮೊಮ್ಮಗಳನ್ನು ಎತ್ತಿಕೊಂಡು ನಡೆದರು, ಅಲ್ಲಿಂದ ಮುಂದೆ "ಎಲ್ಲಿ, ಆ ಗಾಡಿ ಕೊಡು ಇಲ್ಲಿ" ಎಂದು ತಾವೇ ಕೂರಿಸಿದರು. ಅಜ್ಜಿ ಕೂರಿಸಿದರೆ ಅವಳು ಅಳುವುದಿಲ್ಲ ಎಂಬುದು ಬೇರೆಯೇ ವಿಷಯ, ಅದರ ಬಗ್ಗೆ ನನ್ನಲ್ಲಿ ವಿವರಣೆಯಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಗೆ ಹೋಗುವುದಾದರೆ ಮಾತ್ರ ಅತ್ತೆಯವರ ಮಾತೇ ಅಂತಿಮ. ಆ ಜನಸಾಗರದಲ್ಲಿ ಗಾಡಿ ಒಂದು ಗಜವೂ ಮುಂದೆ ಹೋಗುವುದಿಲ್ಲ, ಮಗುವಿನ ಮುಖದ ಮಟ್ಟಕ್ಕೆ ಬರೀ ಕಾಲುಗಳು ಮತ್ತು ಕಡಲೆಕಾಯಿ ಚೀಲಗಳು. ಬಟ್ಟೆಯ ಜೋಳಿಗೆಯೋ ಅಪ್ಪನ ಹೆಗಲೋ ಅಂಥ ಕಡೆಗೆ ಸರಿ.

ರಸ್ತೆಯ ಬಗ್ಗೆ ಹೇಳದೆ ಈ ವಿಷಯ ಪೂರ್ಣವಾಗುವುದಿಲ್ಲ, ಏಕೆಂದರೆ ಮಗು ಗಾಡಿಯನ್ನು ದ್ವೇಷಿಸಲು ಅರ್ಧ ಕಾರಣ ಗಾಡಿಯ ಕೆಳಗಿರುವ ನೆಲ. ರಸ್ತೆಗಳ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಕಡೆ ಚರಂಡಿಯ ಮೇಲಿನ ಚಪ್ಪಡಿ ಅಲ್ಲಾಡುತ್ತದೆ, ಅದರ ಮುಂದೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಅದಾದ ಮೇಲೆ ನಿಲ್ಲಿಸಿದ ಬೈಕುಗಳು, ಪ್ರತಿ ಮನೆಯ ಗೇಟಿನ ಮುಂದೆಯೂ ಒಂದು ಇಳಿಜಾರು. ಅಂಗೈ ಅಗಲದ ಪ್ಲಾಸ್ಟಿಕ್ ಗಾಲಿಗಳ ಮೇಲೆ ಕೂತ ಮಗುವಿಗೆ ಪ್ರತಿ ಸಂದಿಯೂ ಬೆನ್ನುಮೂಳೆಗೆ ತಟ್ಟುತ್ತದೆ. ಹಾಗಾಗಿ ನೆಲ ಚೆನ್ನಾಗಿರುವ ಕಡೆಯಲ್ಲೇ ಗಾಡಿಯ ಅಭ್ಯಾಸ ಮಾಡಿಸುವುದು ಮೇಲು. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಹೊಕ್ಕರೆ 240 ಎಕರೆಯ ತೋಟದಲ್ಲಿ ನುಣುಪಾದ ಒಳರಸ್ತೆಗಳಿವೆ. ಗಾಜಿನಮನೆಯ ಸುತ್ತ ಒಂದು ಸುತ್ತು ತಳ್ಳುವುದರೊಳಗೆ ನಮ್ಮವಳು ಎಷ್ಟೋ ಸಲ ನಿದ್ರೆ ಹೋಗಿದ್ದಾಳೆ. ಆಗಸ್ಟ್ 15 ಮತ್ತು ಜನವರಿ 26ರ ಸುಮಾರಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಲ್ಲಿಗೂ ಹೋಗಬಾರದು. ಮೆಟ್ರೋ ಹತ್ತುವವರು ಎಸ್ಕಲೇಟರ್ ಮೇಲೆ ಗಾಡಿಯನ್ನು ಏರಿಸುವ ಸಾಹಸ ಮಾಡದೆ ಲಿಫ್ಟಿಗೆ ಕಾಯುವುದು ಒಳ್ಳೆಯದು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಲಿಫ್ಟಿನ ಗುಂಡಿ ಒತ್ತುವುದೇ ನಮ್ಮವಳಿಗೆ ಗಾಡಿ ಹತ್ತಲು ಸಾಕಷ್ಟು ಪ್ರೇರಣೆ.

ಏನು ಮಾಡಿದರೂ ನಡೆಯದ ದಿನಗಳೂ ಇವೆ. ಮಧ್ಯಾಹ್ನ ನಿದ್ರೆ ತಪ್ಪಿದ ದಿನ, ಲಸಿಕೆ ಹಾಕಿಸಿದ ಮರುದಿನ, ಹಲ್ಲು ಮೂಡುವಾಗ ಇವು ಖಚಿತ. ಅಂಥ ದಿನ ನಾನು ಪಟ್ಟುಹಿಡಿಯುವುದಿಲ್ಲ. ಗಾಡಿಯನ್ನು ಮಡಚಿ ಆಟೋ ಹತ್ತುತ್ತೇನೆ. ಮಡಚುವಾಗ ಮಾತ್ರ ಅವಳ ಕೈ ಎಲ್ಲಿದೆ ಎಂದು ಮೊದಲು ನೋಡುತ್ತೇನೆ; ಮಡಚುವ ಕೀಲುಗಳಲ್ಲಿ ಮಕ್ಕಳ ಬೆರಳು ಸಿಕ್ಕಿ ತುದಿ ತುಂಡಾದ ಪ್ರಕರಣಗಳ ಕಾರಣದಿಂದ 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಗಿತ್ತು.

ಹೊಸದಾಗಿ ಗಾಡಿ ಕೊಳ್ಳಲಿರುವವರು ಮಗುವನ್ನು ಅಂಗಡಿಗೇ ಕರೆದೊಯ್ದು ಕೂರಿಸಿ ನೋಡಿ. ಬಣ್ಣ, ಲೋಟ ಇಡುವ ಜಾಗ, ಹೆಸರಾಂತ ಕಂಪನಿ ಇವೆಲ್ಲಕ್ಕಿಂತ ಮೊದಲು ಗಾಲಿಯ ಗಾತ್ರವನ್ನು ನೋಡಿ, ದೊಡ್ಡದಿದ್ದಷ್ಟೂ ನಮ್ಮ ರಸ್ತೆಗೆ ಒಳ್ಳೆಯದು. ಕಾಲು ನೇತಾಡದಂತೆ ಕಾಲುಮೆಟ್ಟು ಇದೆಯೇ, ಹಿಡಿದುಕೊಳ್ಳಲು ಎದುರಿಗೊಂದು ಅಡ್ಡಪಟ್ಟಿ ಇದೆಯೇ, ಛಾವಣಿ ಇಳಿಬಿಸಿಲನ್ನು ತಡೆಯುವಷ್ಟು ಮುಂದಕ್ಕೆ ಬರುತ್ತದೆಯೇ ಎಂಬುದು ಮಗುವಿನ ದೃಷ್ಟಿಯಿಂದ ಮುಖ್ಯ. ಎಷ್ಟು ತೂಕದವರೆಗೆ ಬಳಸಬಹುದೆಂದು ಗಾಡಿಯ ಮೇಲೆಯೇ ಬರೆದಿರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಅದು 15 ಕಿಲೋ. ತರಕಾರಿ ಚೀಲವನ್ನು ಹಿಡಿಗೆ ನೇತುಹಾಕಿದರೆ ಮಗು ಇಳಿದೊಡನೆ ಗಾಡಿ ಹಿಂದಕ್ಕೆ ಮಗುಚುವುದರಿಂದ ಕೆಳಗಿನ ಬುಟ್ಟಿ ದೊಡ್ಡದಿರಲಿ. ಯಾರೋ ಬಳಸಿ ಬಿಟ್ಟ ಗಾಡಿಯನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನಮ್ಮದೂ ಅಂಥದ್ದೇ. ಆದರೆ ಬಕಲ್ ಸರಿಯಾಗಿ ಕಚ್ಚುತ್ತದೆಯೇ ಎಂದು ಎಳೆದು ನೋಡಿ, ಬ್ರೇಕನ್ನು ಸಮತಟ್ಟು ನೆಲದಲ್ಲಿ ಪರೀಕ್ಷಿಸದೆ ಮಗುವಿನಷ್ಟೇ ತೂಕದ ಅಕ್ಕಿಮೂಟೆಯನ್ನಿಟ್ಟು ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಬಸವನಗುಡಿಯವರಾದರೆ ಇಳಿಜಾರು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.